ಅಜ್ಜಿಯ ಬಾಬೂನಾ ಕಷಾಯ

ಕ್ಯಾಮೊಮೈಲ್ ಚಹಾದ ವಾಸನೆಗೆ ಇವತ್ತೂ ಸದಲಗಾದ ಮನೆ ನೆನಪಾಗುತ್ತದೆ. ಅಲ್ಲಿ ಆ ಹೂವಿಗೆ ಬಾಬೂನಾ ಎನ್ನುತ್ತಿದ್ದೆವು.

ಹೊಟ್ಟೆ ಮುರಿತದಿಂದ ನರಳುತ್ತಿದ್ದ ಅಜ್ಜಿಗೆಂದು ಅಪ್ಪ ನಿಪ್ಪಾಣಿಯ ಹಕೀಮರಿಂದ ಒಣಗಿದ ಹೂ ತಂದಾಗ ಹೊತ್ತು ಇಳಿದಿತ್ತು. ಹೊತ್ತು ಮುಳುಗಿದ ಮೇಲೆ ನೀರನ್ನೂ ಮುಟ್ಟದ ಜೈನ ವ್ರತ ಅವಳದು.

“ಕುದಸೂ ಮುಂಚೆ ಹುಳಾ ನೋಡ್ರಿ. ಒಂದೊಂದ ಹೂವು,” ಎಂದಳು.

“ಒಣಗಿದ್ದರಾಗ ಎಲ್ಲಿ ಹುಳಾ ಬೇ? ಹೊತ್ತ ಮುಳಗಾಕತ್ತೈತಿ!” ಎಂದ ಅಪ್ಪ.

“ನನ್ನ ಹೊಟ್ಟಿ ಸಲುವಾಗಿ ಇನ್ನೊಂದ ಜೀವ ಕುದಸ್ತೀಯೇನಲೇ?”

ನಾನು, ಅವ್ವ ತಾಟಿನಲ್ಲಿ ಹೂ ಹರವಿ ಆರಿಸಿದೆವು. ಬೆರಳಿಗೆ ಹಳದಿ ಪುಡಿ ಅಂಟುತ್ತಿತ್ತು. ನಾಲ್ಕು ಹುಳು ಸಿಕ್ಕವೆಂದು ನನ್ನ ನೆನಪು. ಒಂದೂ ಇರಲಿಲ್ಲ ಎನ್ನುತ್ತಾಳೆ ಅವ್ವ.

ಕಷಾಯ ಇಳಿಸಿದಾಗ ಅಂಗಳದಲ್ಲಿ ಬಿಸಿಲಿರಲಿಲ್ಲ. ಅಜ್ಜಿ ನನ್ನನ್ನು ಮಾಳಿಗೆಗೆ ಕಳಿಸಿದಳು. “ಸೂರ್ಯ ಕಾಣ್ತಾನೇನ ನೋಡಿ ಬಾ.”

ಕಬ್ಬಿನ ಹೊಲದ ಮೇಲೆ ಬರೀ ಕೆಂಪು ಉಳಿದಿತ್ತು. “ಕಾಣ್ತಾನ ಬೇ, ಲಗೂ ಕುಡಿ!” ಎಂದು ಮೇಲಿಂದಲೇ ಕೂಗಿದೆ.

ಕೆಳಗಿಳಿದು ಬಂದಾಗ ಅಜ್ಜಿ ತುಟಿಯ ಹತ್ತಿರ ಲೋಟ ಹಿಡಿದು ನನಗಾಗಿ ಕಾಯುತ್ತಿದ್ದಳು. ನನ್ನ ಮುಖ ನೋಡಿದಳು. ಲೋಟ ಕೆಳಗಿಟ್ಟಳು.

“ಮುಂಜಾನಿ ಹೊಸದ ಕುದಸ್ರಿ,” ಎಂದು ನನ್ನ ಕೈ ಹಿಡಿದುಕೊಂಡೇ ಗೋಡೆಯ ಕಡೆ ಹೊರಳಿದಳು.