ಹಣೆ ಊರಿದ ಚಾಪೆ

ಫುಸಿ ಮಗಳ ಬಾಯಿ ಮೂಸಿ ನೋಡಿದಳು. ವಾಂತಿಯ ಹುಳಿ ವಾಸನೆ. ಹೆಂಡದ್ದಲ್ಲ. ಆದರೂ ಅನುಮಾನ ಹೋಗಲಿಲ್ಲ.

ಎಂಟು ವರ್ಷದ ಲೂಪೆ ಆಸ್ಪತ್ರೆಯ ಮಂಚದ ಮೇಲೆ ಮಂಡಿಯೂರಿ, ಬಗ್ಗಿ, ಹಣೆಯನ್ನು ಹಾಸಿಗೆಗೆ ಒತ್ತಿಕೊಂಡಿದ್ದಳು. ಫುಸಿಯ ಊರಿನವಳೇ ಆದ ಮುದಿ ನರ್ಸ್ ನಕ್ಕಳು. "ಯಾರ ಮೊಮ್ಮಗಳು ಅಂತ ಕೇಳೋದೇ ಬೇಡ ಬಿಡು. ಥೇಟ್ ಪಾದ್ರಿ ಅಜ್ಜನ ಪ್ರಾರ್ಥನೆ!"

ಫುಸಿಯ ಅಪ್ಪ ಪಾದ್ರಿ ತೌಫಾ ತೀರಿಕೊಂಡ ಮೇಲೆ ಹುಟ್ಟಿದ ಮಗು ಅದು. ಅವರು ರಾತ್ರಿಗಳನ್ನು ಹಾಗೆಯೇ ಕಳೆಯುತ್ತಿದ್ದರು. ಅವರ ಹಣೆ ತಾಗಿ ಸವೆದ ಚಾಪೆ ಟೊಂಗಾದ ಆ ಹಳ್ಳಿಯ ಚರ್ಚಿನಲ್ಲಿ ಇಂದಿಗೂ ಇದೆ. ಜನ ಅದನ್ನು ತುಳಿಯುವುದಿಲ್ಲ.

ಡಾಕ್ಟರ್ ಕಲೋ ರಕ್ತದ ವರದಿ ಹಿಡಿದು ಬಂದರು. "ಮೇದೋಜೀರಕ ಗ್ರಂಥಿ ಊದಿದೆ. ಸ್ಕ್ಯಾನ್‌ನಲ್ಲಿ ಪಿತ್ತದ ಕಲ್ಲು ಕಾಣ್ತಿಲ್ಲ. ಬಿದ್ದು ಪೆಟ್ಟೇನಾದ್ರೂ ಆಗಿತ್ತಾ?"

"ಇಲ್ಲ."

ಆ ಕಾಯಿಲೆ ಫುಸಿಗೆ ಗೊತ್ತಿತ್ತು. ಹಿಂದೆ ಅಣ್ಣ ಸೆಮಿಸಿಗೆ ಅದೇ ಬಂದಿತ್ತು. ಕುಡುಕರ ಕಾಯಿಲೆ ಎಂದು ಅಪ್ಪ ಅವನನ್ನು ಮನೆಯಿಂದ ಹೊರಹಾಕಿದ್ದರು. ನಾನು ಕುಡಿದಿಲ್ಲ ಎಂದು ಅವನು ಅತ್ತರೂ ಯಾರೂ ನಂಬಲಿಲ್ಲ. ಈಗ ಗೆಣಸಿನ ತೋಟದ ಗುಡಿಸಲಲ್ಲಿದ್ದ. ಲೂಪೆ ದಿನವೂ ಅಲ್ಲಿಗೆ ಓಡುತ್ತಿದ್ದಳು. ತಂಗಿಯ ಮಗಳು ಕೇಳಿದ್ದನ್ನು ಸೋದರಮಾವ ಇಲ್ಲ ಎನ್ನುವಂತಿಲ್ಲ. ಅದು ಅಲ್ಲಿಯ ಕಟ್ಟಳೆ. ಅವಳು ಒಂದು ಗುಟುಕು ಕೇಳಿದ್ದರೆ?

ಸೆಮಿಸಿ ಎಳನೀರು ಹಿಡಿದು ಬಾಗಿಲಾಚೆ ನಿಂತಿದ್ದ. ಫುಸಿ ಅವನ ಮುಖ ನೋಡದೆ ಕೇಳಿದಳು. "ಅವಳು ಏನು ಕೇಳಿದ್ಲು, ನೀನು ಏನು ಕೊಟ್ಟೆ?"

"ಟೋಪಿ ಕೇಳಿದ್ಲು, ಕೊಟ್ಟೆ. ಹಂದಿಮರಿ ಕೇಳಿದ್ಲು, ಕೊಟ್ಟೆ. ನಾಳೆ ಗುಡಿಸಲು ಕೇಳಿದ್ರೆ ನಾನು ಮರದ ಕೆಳಗೆ."

"ಕುಡಿಯೋಕೆ?"

"ಎಳನೀರು, ತಂಗೀ."

"ಈ ಹೊಸಿಲು ದಾಟಬೇಡ."

ಅವನು ದಾಟಲಿಲ್ಲ. ಹೊರಗೇ ಕುಳಿತ.

ಡ್ರಿಪ್ ಏರಿತು, ನೋವಿಗೆ ಮದ್ದು ಬಿತ್ತು. ಲೂಪೆ ಗಂಜಿ ಕುಡಿದಳು, ಗೆಣಸು ತಿಂದಳು, ಮನೆಗೆ ಹೋದಳು. ಸೆಮಿಸಿಗೂ ಇದೇ ಬಂದಿತ್ತೆಂದು ತಿಳಿದು ಕಲೋ ತಾಯಿ, ಮಗಳು, ಮಾವ ಮೂವರ ರಕ್ತವನ್ನೂ ಪರೀಕ್ಷೆಗೆ ಆಕ್ಲೆಂಡಿಗೆ ಕಳಿಸಿದ್ದರು. ಉತ್ತರ ಬಂದಾಗ ಮೂವರನ್ನೂ ಕರೆಸಿದರು. ಸೆಮಿಸಿ ಅಂದೂ ಹೊಸಿಲಾಚೆಯೇ ಕುಳಿತ.

"ಇದು ವಂಶದಲ್ಲಿ ಬಂದದ್ದು. ಲೂಪೆಗಿದೆ, ನಿಮ್ಮಣ್ಣನಿಗಿದೆ, ನಿಮಗೂ ಇದೆ. ನಿಮ್ಮ ಹಾಗೆ ಕೆಲವರಿಗೆ ನೋವೇ ಬರಲ್ಲ. ಕುಡಿಯದೇ ಇದ್ದವರಿಗೂ ಇದು ಬರುತ್ತೆ."

ಫುಸಿಗೆ ಅಳು ಬರಲಿಲ್ಲ. ಏನೂ ಬರಲಿಲ್ಲ. ಎದ್ದು ಬಾಗಿಲಿಗೆ ಹೋದಳು. "ಒಳಗೆ ಬಾ, ಅಣ್ಣ."

"ನಿಮ್ಮ ತಂದೆತಾಯಿಗೆ ಹೊಟ್ಟೆನೋವು ಇತ್ತಾ?" ಕಲೋ ಕೇಳಿದರು.

"ಅಮ್ಮನಿಗಿಲ್ಲ," ಎಂದಳು ಫುಸಿ. "ಅಪ್ಪ ನೋವು ಅಂತ ಬಾಯಿಬಿಟ್ಟವರೇ ಅಲ್ಲ. ರಾತ್ರಿಯೆಲ್ಲಾ ಹಣೆ ಊರಿ ಪ್ರಾರ್ಥನೆ ಮಾಡೋರು. ಅವತ್ತು ಮಂಚದ ಮೇಲೆ ಇವಳು ಮಾಡಿದ ಹಾಗೇ..."

"ನಾನು ಪ್ರಾರ್ಥನೆ ಮಾಡ್ತಿರ್ಲಿಲ್ಲ, ಅಮ್ಮ," ಎಂದಳು ಲೂಪೆ. "ಹಾಗೆ ಬಗ್ಗಿದ್ರೆ ನೋವು ಕಮ್ಮಿ ಆಗ್ತಿತ್ತು."