ಸುಣ್ಣದ ಗೆರೆ

ಆಫೀಸಿನಲ್ಲಿ ಯಾರಾದರೂ ಡೆಡ್‌ಲೈನ್ ಅಂದರೆ ಇಂದಿಗೂ ನನ್ನ ಮೂಗಿಗೆ ಹಸಿ ಸುಣ್ಣದ ವಾಸನೆ ಬಡಿಯುತ್ತದೆ.

ಆ ಪದ ಕಲಿಸಿದವರು ಕೆಳಗಿನ ಕೇರಿಯ ನಮ್ಮ ಇಂಗ್ಲಿಷ್ ಮಾಸ್ತರರು. "ಹಿಂದಕ ಅಮೆರಿಕಾದಾಗ ಯುದ್ಧದ ಕೈದಿಗಳ ಸುತ್ತ ಒಂದು ಗೆರಿ ಹಾಕತಿದ್ರು. ದಾಟಿದ್ರ ಗುಂಡು ಹೊಡೀತಿದ್ರು. ಅದಕ್ಕ ಅದು ಸಾವಿನ ಗೆರಿ, ಡೆಡ್‌ಲೈನ್," ಎಂದು ಒಂದು ಶನಿವಾರ ಬೆಳಿಗ್ಗೆ ಶಾಲೆಯಲ್ಲಿ ಹೇಳಿದ್ದರು.

ಅದೇ ಮಧ್ಯಾಹ್ನ ಅಪ್ಪ ಗುಡಗೇರಿ ಸಂತೆಯಿಂದ ತಂದ ಸುಣ್ಣ ಕಲಸಿ, ಮನೆ ಮುಂದಿನ ಊರಬಾವಿಯ ಸುತ್ತ ಅಂಗೈ ಅಗಲದ ಗೆರೆ ಎಳೆದ. "ಕೆಳಗಿನ ಕೇರಿಯವರು ಇನ್ನ ಇದರ ಹೊರಗ ನಿಂದರಬೇಕು. ನೀರು ನಾವ ಹಾಕತೀವಿ," ಎಂದ.

"ದಾಟಿದ್ರ ಏನಾಗತೈತಿ, ಅಪ್ಪಾ?" ಎಂದು ಕೇಳಿದೆ. ಅಪ್ಪ ಕುಂಚ ತೊಳೆಯತೊಡಗಿದ.

ಅಷ್ಟರಲ್ಲಿ ಮಾಸ್ತರರು ಕೊಡ ಹಿಡಿದು ಬಂದರು. ಗೆರೆಯನ್ನು ನೋಡಿದರು, ನನ್ನನ್ನೂ ನೋಡಿದರು. ಚಪ್ಪಲಿ ಕಳಚಿಟ್ಟರು.

"ಸುಣ್ಣ ಇನ್ನೂ ಹಸಿ ಐತ್ರಿ, ಮಾಸ್ತರ," ಎಂದ ಅಪ್ಪ, ಬಹಳ ಮೆತ್ತಗೆ.

"ಕಾಣತೈತ್ರಿ," ಎಂದರು ಮಾಸ್ತರರು.

ಬಾವಿಕಟ್ಟೆಯ ಕರಿಗಲ್ಲಿನ ಮೇಲೆ ಒಂದು ಬಿಳಿ ಹೆಜ್ಜೆ ಮೂಡಿತು. ಅಪ್ಪ ನನ್ನ ಕಡೆ ತಿರುಗದೆ ಹೇಳಿದ: "ಒಳಗ ಹೋಗಿ ಮೂರೂ ಮಂದಿ ಕಾಕಾಗೋಳನ್ನ ಎಬ್ಬಸು. ಆಮ್ಯಾಲೆ ನೀ ಹೊರಗ ಬರಬ್ಯಾಡ."

ಮೂವರನ್ನೂ ನಾನೇ ಎಬ್ಬಿಸಿದೆ.