ಗಂಜಿಗೆ ಬೆರೆಸಿದ್ದು

ನಾಲ್ಕು ವರ್ಷದ ಮಗ ಮನೆಯಲ್ಲಿ ಒಂದು ತುತ್ತನ್ನೂ ನುಂಗುತ್ತಿರಲಿಲ್ಲ. ತೂಕ ಇನ್ನೂ ಇಳಿದರೆ ಹೊಟ್ಟೆಗೇ ಪೈಪು ಹಾಕಬೇಕಾಗುತ್ತದೆ ಎಂದಿದ್ದರು ಡಾಕ್ಟರು. ಆದರೆ ಇಂಥ ಮಕ್ಕಳಿಗೆ ಉಣ್ಣುವುದನ್ನು ಕಲಿಸುವ ಲೀಲಕ್ಕ ಅವನನ್ನು ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡರೆ, ಅರ್ಧ ಗಂಟೆಯಲ್ಲಿ ಗಂಜಿಯ ಬಟ್ಟಲು ಖಾಲಿಯಾಗಿ ಹೊರಬರುತ್ತಿತ್ತು.

ತಾಯಿಗೆ ನಂಬಿಕೆ ಬರಲಿಲ್ಲ. ಊಟದಲ್ಲಿ ಮದ್ದಿಕ್ಕಿ ಮಕ್ಕಳನ್ನು ಮರುಳು ಮಾಡುವ ಹೆಂಗಸರ ಕತೆಗಳನ್ನು ಅವಳು ಅಜ್ಜಿಯ ಮಡಿಲಲ್ಲಿ ಕೇಳಿದ್ದಳು. ಈಚೆಗೆ ಮನೆಯಲ್ಲಿ ಬಟ್ಟಲು ಕಂಡರೆ ಸಾಕು, ಮಗ ಎರಡೂ ಕೈಯಿಂದ ಮೂಗು ಮುಚ್ಚಿಕೊಳ್ಳುತ್ತಿದ್ದ. ಅಲ್ಲಿ ಏನೋ ವಾಸನೆಯದ್ದನ್ನು ಬೆರೆಸುತ್ತಿರಬೇಕು.

“ನಿಜ ಹೇಳಿ ಲೀಲಕ್ಕ, ಗಂಜಿಗೆ ಏನು ಹಾಕ್ತೀರ?”

“ನೀವೇ ಮನೆಯಿಂದ ತಂದಿದ್ದಲ್ವೇನಮ್ಮ ಅದು? ಒಂದು ಹರಳು ಉಪ್ಪೂ ಹಾಕಲ್ಲ.”

“ಮತ್ತೆ ನನ್ನನ್ನ ಯಾಕೆ ಒಳಗೆ ಬಿಡಲ್ಲ?”

“ಅವನೇ ಬೇಡ ಅಂದಿದಾನೆ.”

“ಅವನ ಬಾಯಲ್ಲಿ ನೀವೇ ಹೇಳಿಸಿರ್ತೀರ.”

ಮರುದಿನ ಅವಳು ಸದ್ದಿಲ್ಲದೆ ಹಿಂದಿನ ಕಿಟಕಿಗೆ ಹೋಗಿ ನಿಂತಳು. ಒಳಗೆ ಚಾಪೆಯ ಮೇಲೆ ಲೀಲಕ್ಕ ಹಟಮಾರಿ ಮಗುವಿನಂತೆ ತುಟಿ ಬಿಗಿದು ಕೂತಿದ್ದಳು. ಚಮಚ ಮಗನ ಕೈಯಲ್ಲಿತ್ತು. ಒಂದು ಚಮಚ ಗಂಜಿಯನ್ನು ತಾನು ನುಂಗಿ, ಇನ್ನೊಂದನ್ನು ಅವಳ ಬಾಯಿಯ ಹತ್ತಿರ ಹಿಡಿದು ಅವನು ಮೆಲ್ಲಗೆ ಹೇಳುತ್ತಿದ್ದ:

“ಹೆದರಬೇಡ, ನಿಧಾನಕ್ಕೆ ತಿನ್ನು. ಇಲ್ಲಿ ಯಾರೂ ಮೂಗು ಹಿಡಿದು ಬಾಯಿ ತೆಗೆಸಲ್ಲ. ಅಮ್ಮ ಹೊರಗಡೆ ಕೂತಿದಾಳೆ.”